ಜ್ವರ ಇಳಿದ ಮೇಲೆ: ಶಿಕ್ಷಕರ ಡೆಂಗಿ ತಿಳಿವಳಿಕೆ ಕುರಿತು ಒಂದು ಪ್ರಕರಣ ಅಧ್ಯಯನ

ಇಲ್ಲಿ ಬರುವುದು ಒಂದು ಪ್ರೌಢಶಾಲೆ, ಅದರ ಶಿಕ್ಷಕರು, ಒಂದು ಮಳೆಗಾಲ. ಶಾಲೆ ಯಾವುದೆಂದು ಪತ್ತೆಯಾಗಬಹುದಾದ ವಿವರಗಳನ್ನು ಬಿಟ್ಟಿದ್ದೇನೆ, ಕೆಲವನ್ನು ಬದಲಿಸಿದ್ದೇನೆ. ಶಾಲೆಗಳಿಗೆ ಆರೋಗ್ಯ ತರಬೇತಿ ಕೊಡುವ ತಂಡದಲ್ಲಿದ್ದು ಇದನ್ನೆಲ್ಲ ಹತ್ತಿರದಿಂದ ನೋಡಿದ್ದರಿಂದ ಬರೆಯುತ್ತಿದ್ದೇನೆ.

ಹಿನ್ನೆಲೆ

ಮಳೆಗಾಲಕ್ಕೆ ಮುಂಚೆಯೇ ಶಿಕ್ಷಕರಿಗೆ ಡೆಂಗಿ ಕುರಿತು ಅರ್ಧ ದಿನದ ಕಾರ್ಯಾಗಾರ ನಡೆದಿತ್ತು. ಕೊನೆಯಲ್ಲೊಂದು ಪ್ರಶ್ನಾವಳಿ. ರೋಗ ಯಾವುದರಿಂದ ಹರಡುತ್ತದೆ, ಸೊಳ್ಳೆಯ ಹೆಸರೇನು, ಅದು ಎಲ್ಲಿ ಮೊಟ್ಟೆಯಿಡುತ್ತದೆ, ಲಕ್ಷಣಗಳೇನು ಎಂಬಂಥ ಪ್ರಶ್ನೆಗಳು. ಉತ್ತರಗಳು ಬಹುತೇಕ ಸರಿಯಾಗಿಯೇ ಇದ್ದವು. ‘ಈಡಿಸ್ ಈಜಿಪ್ಟಿ’ ಎಂಬ ಹೆಸರನ್ನು ಭಾಷಾ ಶಿಕ್ಷಕರೂ ಕಾಗುಣಿತ ತಪ್ಪದೆ ಬರೆದಿದ್ದರು. ‘ಶಿಕ್ಷಕರ ತಿಳಿವಳಿಕೆ ತೃಪ್ತಿಕರ’ ಎಂದು ವರದಿಯಲ್ಲಿ ಷರಾ ಬಿತ್ತು, ಕಡತ ಮುಚ್ಚಿತು.

ಮಳೆ ಹಿಡಿದು ಕೆಲವು ವಾರಗಳಾಗುವಷ್ಟರಲ್ಲಿ ಕೆಳ ಅಂತಸ್ತಿನ ಒಂದೇ ಸಾಲಿನ ತರಗತಿಗಳಲ್ಲಿ ಬೆಂಚುಗಳು ಖಾಲಿಯಾಗತೊಡಗಿದವು. ಜ್ವರ ಎಂದು ಚೀಟಿ ಬರುತ್ತಿತ್ತು. ಇಬ್ಬರು ಶಿಕ್ಷಕರೂ ಹಾಸಿಗೆ ಹಿಡಿದರು. ಕೆಲವರ ರಕ್ತಪರೀಕ್ಷೆಯಲ್ಲಿ ಡೆಂಗಿ ಖಚಿತವಾಯಿತು. ಮೇಲಿನ ಅಂತಸ್ತಿನಲ್ಲಿ ಅಷ್ಟೊಂದು ಗೈರುಹಾಜರಿ ಇರಲಿಲ್ಲ. ಇದು ಏಕೆ ಎಂದು ಆ ಹೊತ್ತಿಗೆ ಯಾರೂ ಕೇಳಲಿಲ್ಲ.

ಮೊದಲು ಮಾಡಿದ್ದು

ಶಾಲೆ ಸುಮ್ಮನೆ ಕೂರಲಿಲ್ಲ. ಕಾಂಪೌಂಡಿನ ಹೊರಗಿನ ಚರಂಡಿಯ ಹೂಳು ತೆಗೆಸಿದರು. ಸಂಜೆ ಹೊಗೆ ಹೊಡೆಸಿದರು. ರಾತ್ರಿ ಸೊಳ್ಳೆಪರದೆ ಕಟ್ಟಿಕೊಂಡೇ ಮಲಗಬೇಕೆಂದು ಬೆಳಗಿನ ಸಭೆಯಲ್ಲಿ ಮಕ್ಕಳಿಗೆ ಹೇಳಿದರು. ಡೆಂಗಿಯಾಗಿದ್ದ ಹುಡುಗನೊಬ್ಬನ ತಂಗಿಯನ್ನು ಅವಳ ತರಗತಿಯಲ್ಲಿ ಒಂದು ವಾರ ಬೇರೆ ಬೆಂಚಿನಲ್ಲಿ ಕೂರಿಸಿದರು.

ಒಂದೊಂದೂ ಕಾಳಜಿಯಿಂದಲೇ ಮಾಡಿದ ಕೆಲಸ. ಆದರೆ ಅಷ್ಟೂ ಸೇರಿ ಡೆಂಗಿಗೆ ಹೆಚ್ಚೇನೂ ತೊಂದರೆ ಕೊಡಲಿಲ್ಲ. ಕಾರ್ಯಾಗಾರದ ಉತ್ತರಪತ್ರಿಕೆಗಳನ್ನು ಹರಡಿಕೊಂಡು ಇನ್ನೊಮ್ಮೆ ಓದಿದಾಗ ಕಾರಣ ಹೊಳೆಯಿತು. ಶಿಕ್ಷಕರ ತಲೆಯಲ್ಲಿದ್ದ ಸೊಳ್ಳೆಯ ಹೆಸರು ಈಡಿಸ್, ನಡವಳಿಕೆ ಮಾತ್ರ ಮಲೇರಿಯಾ ಹರಡುವ ಅನಾಫಿಲಿಸ್‌ನದು.

ಇದಕ್ಕೆ ಅವರನ್ನು ದೂರುವಂತಿಲ್ಲ. ಸೊಳ್ಳೆಯ ಪಾಠವೆಂದರೆ ಮಲೇರಿಯಾ ಪಾಠ ಎಂದೇ ನಾವೆಲ್ಲ ಓದಿ ಬಂದವರು. 1897ರ ಆಗಸ್ಟ್ 20ರಂದು ರೊನಾಲ್ಡ್ ರಾಸ್ ಸಿಕಂದರಾಬಾದಿನಲ್ಲಿ ಸೊಳ್ಳೆಯ ಹೊಟ್ಟೆಯೊಳಗೆ ಮಲೇರಿಯಾ ಪರಾವಲಂಬಿಯನ್ನು ಕಂಡ ಕಥೆ ಎಲ್ಲರಿಗೂ ಬರುತ್ತದೆ. ಡೆಂಗಿಗೂ ಈಡಿಸ್‌ಗೂ ನಂಟಿದೆ ಎಂದು ಥಾಮಸ್ ಬ್ಯಾಂಕ್ರಾಫ್ಟ್ ಆಸ್ಟ್ರೇಲಿಯಾದಲ್ಲಿ 1906ರಲ್ಲಿ ಹೇಳಿದ್ದು ಯಾರ ಪಾಠಕ್ಕೂ ಬರಲಿಲ್ಲ. ಹೀಗಾಗಿ ರಾತ್ರಿ ಕಚ್ಚುವುದು, ಪರದೆ, ಊರಾಚೆಯ ನಿಂತ ನೀರು ಎಂಬ ಹಳೆಯ ಚಿತ್ರದ ಮೇಲೆಯೇ ಹೊಸ ಹೆಸರಿನ ಚೀಟಿ ಅಂಟಿಕೊಂಡಿತ್ತು.

ಈಡಿಸ್ ಹಗಲಿನ ಸೊಳ್ಳೆ. ಬೆಳಕು ಹರಿದ ಮೇಲಿನ ಕೆಲವು ಗಂಟೆ, ಸೂರ್ಯ ಮುಳುಗುವ ಮುನ್ನಿನ ಕೆಲವು ಗಂಟೆ ಅದರ ಹಸಿವು ಹೆಚ್ಚು. ಬೆಳಗಿನ ಸಭೆ ಮತ್ತು ಕೊನೆಯ ಪೀರಿಯಡ್ಡಿನ ಹೊತ್ತು ಅದು. ಬೆಂಚಿನಡಿಯ ನೆರಳಲ್ಲಿ ಕೂತು ಕಾಲಿನ ಗಂಟಿನ ಸುತ್ತ ಕಚ್ಚುತ್ತದೆ. ಕೊಂಚ ಅಲುಗಾಡಿದರೂ ಎದ್ದು ಪಕ್ಕದವರ ಮೇಲೆ ಕೂರುತ್ತದೆ, ಒಂದು ಹೊತ್ತಿನ ರಕ್ತಕ್ಕೆ ಹಲವರನ್ನು ಚುಚ್ಚುತ್ತದೆ. ಒಂದೇ ಸಾಲಿನ ಕೋಣೆಗಳಲ್ಲಿ ಜ್ವರ ಕಾಣಿಸಿಕೊಂಡದ್ದು ಅಚ್ಚರಿಯೇನಲ್ಲ. ಹಗಲೆಲ್ಲ ಶಾಲೆಯಲ್ಲಿ ಕಳೆಯುವ ಮಗುವಿಗೆ ರಾತ್ರಿಯ ಪರದೆ ಎಷ್ಟು ಕಾಪಾಡೀತು?

ಹೊಗೆಯ ಕಥೆಯೂ ಅಷ್ಟೆ. ಅದು ತಾಗುವುದು ಹಾರಾಡುವ ಸೊಳ್ಳೆಗೆ. ಮೊಟ್ಟೆ, ಲಾರ್ವಾ ಹಾಗೇ ಉಳಿಯುತ್ತವೆ. ಈಡಿಸ್ ಕೂರುವುದು ಬೀರುವಿನ ಹಿಂದೆ, ಕಿಟಕಿ ಪರದೆಯ ಮಡಿಕೆಯಲ್ಲಿ, ಮೇಜಿನಡಿ. ಹೊಗೆ ಹೊಡೆದದ್ದು ಶಾಲೆ ಬಿಟ್ಟು ಕೋಣೆಗಳಿಗೆಲ್ಲ ಬೀಗ ಬಿದ್ದ ಮೇಲೆ, ಅಂಗಳದಲ್ಲಿ. ಇನ್ನು ತಂಗಿಯನ್ನು ದೂರ ಕೂರಿಸಿದ ವಿಚಾರ. ಡೆಂಗಿ ಮುಟ್ಟಿದರೆ, ಕೆಮ್ಮಿದರೆ ಬರುವುದಿಲ್ಲ. ರೋಗಿಯನ್ನು ಕಚ್ಚಿದ ಸೊಳ್ಳೆಯೊಳಗೆ ವೈರಸ್ ಬೆಳೆದು ಜೊಲ್ಲುಗ್ರಂಥಿಗೆ ತಲುಪಲು ಸುಮಾರು 8ರಿಂದ 12 ದಿನ ಬೇಕು. ಆಮೇಲೆ ಆ ಸೊಳ್ಳೆ ಬದುಕಿರುವಷ್ಟು ದಿನವೂ ಹರಡಬಲ್ಲದು. ಜ್ವರ ಕಾಣಿಸುವ ಒಂದೆರಡು ದಿನ ಮುಂಚೆಯೇ ರಕ್ತದಲ್ಲಿ ವೈರಸ್ ಇರುವುದರಿಂದ, ಅಣ್ಣ ಮನೆಯಲ್ಲಿ ಮಲಗುವ ಹೊತ್ತಿಗೆ ತನ್ನ ತರಗತಿಯ ಸೊಳ್ಳೆಗಳಿಗೆ ಅದನ್ನು ದಾಟಿಸಿಯೇ ಬಂದಿರಬಹುದು. ತಂಗಿಗೆ ಸಿಕ್ಕಿದ್ದು ಅವಮಾನ ಮಾತ್ರ.

ಐದನೇ ದಿನ

ಈ ಎಲ್ಲ ತಪ್ಪುಗ್ರಹಿಕೆಗಳೂ ಒಂದು ತೂಕ, ಇದೊಂದೇ ಒಂದು ತೂಕ.

ವಿದ್ಯಾರ್ಥಿನಿಯೊಬ್ಬಳು ನಾಲ್ಕು ದಿನ ಜ್ವರವೆಂದು ಬಂದಿರಲಿಲ್ಲ. ಐದನೇ ದಿನ ಕಿರುಪರೀಕ್ಷೆಯಿತ್ತು, ಬಂದಳು. ತರಗತಿ ಶಿಕ್ಷಕಿ ಹಣೆ ಮುಟ್ಟಿ ನೋಡಿದರು, ತಣ್ಣಗಿತ್ತು. ‘ಸದ್ಯ, ಜ್ವರ ಬಿಡ್ತಲ್ಲ’ ಎಂದರು. ಎರಡನೇ ಪೀರಿಯಡ್ಡಿಗೆ ಹುಡುಗಿ ಡೆಸ್ಕಿನ ಮೇಲೆ ತಲೆಯಿಟ್ಟಳು. ಹೊಟ್ಟೆನೋವು ಎಂದಳು. ಎರಡು ಸಲ ಹೊರಗೆ ಹೋಗಿ ವಾಂತಿ ಮಾಡಿ ಬಂದಳು. ಪರೀಕ್ಷೆಯ ಹೆದರಿಕೆ, ಖಾಲಿ ಹೊಟ್ಟೆ ಎಂದು ಅಂದುಕೊಂಡು ಸ್ಟಾಫ್‌ರೂಮಿನ ಡ್ರಾಯರಿನಿಂದ ಒಂದು ಐಬುಪ್ರೊಫೇನ್ ಮಾತ್ರೆ ಕೊಟ್ಟು ಮಲಗಿಸಿದರು. ಶಾಲೆ ಬಿಡುವವರೆಗೂ ಮಲಗಿದ್ದಳು. ಮನೆಗೆ ಹೋಗುವಷ್ಟರಲ್ಲಿ ಕೈಕಾಲು ತಣ್ಣಗಾಗಿ, ಮಾತಾಡಿಸಿದರೂ ಸರಿಯಾಗಿ ಉತ್ತರಿಸದಷ್ಟು ಸೋತಿದ್ದಳು. ರಾತ್ರಿಯೇ ಆಸ್ಪತ್ರೆಗೆ ಸೇರಿಸಿದರು. ಸಕಾಲಕ್ಕೆ ದ್ರವ ಕೊಟ್ಟಿದ್ದರಿಂದ ಚೇತರಿಸಿಕೊಂಡಳು.

ಡೆಂಗಿಯಲ್ಲಿ ಜ್ವರ ಇಳಿಯುವ ಹೊತ್ತೇ ಕೆಲವರಿಗೆ ಅಪಾಯದ ಹೊತ್ತು. ಜ್ವರ ಶುರುವಾದ 3ರಿಂದ 7ನೇ ದಿನದ ನಡುವೆ, ಮೈಬಿಸಿ ಇಳಿಯುತ್ತಿದ್ದಂತೆ, ಸೂಕ್ಷ್ಮ ರಕ್ತನಾಳಗಳ ಗೋಡೆಯಿಂದ ಪ್ಲಾಸ್ಮಾ, ಅಂದರೆ ರಕ್ತದ ದ್ರವಭಾಗ, ಸೋರತೊಡಗಬಹುದು. ಈ ಘಟ್ಟ ಸಾಮಾನ್ಯವಾಗಿ 24ರಿಂದ 48 ಗಂಟೆ. ವಿಶ್ವ ಆರೋಗ್ಯ ಸಂಸ್ಥೆ 2009ರಲ್ಲಿ ಪಟ್ಟಿ ಮಾಡಿದ ಎಚ್ಚರಿಕೆಯ ಚಿಹ್ನೆಗಳಲ್ಲಿ ಹೊಟ್ಟೆನೋವು, ನಿಲ್ಲದ ವಾಂತಿ, ಒಸಡು ಅಥವಾ ಮೂಗಿನಿಂದ ರಕ್ತ, ಮಂಕು ಇಲ್ಲವೇ ಚಡಪಡಿಕೆ ಸೇರಿವೆ. ಆ ಹುಡುಗಿಯಲ್ಲಿ ಮೂರು ಕಣ್ಣೆದುರಿಗೇ ಇದ್ದವು. ಸಾಲದ್ದಕ್ಕೆ ಐಬುಪ್ರೊಫೇನ್, ಆಸ್ಪಿರಿನ್ ಬಗೆಯ ಮಾತ್ರೆಗಳು ರಕ್ತಸ್ರಾವದ ಅಪಾಯ ಹೆಚ್ಚಿಸುತ್ತವೆ. ಡೆಂಗಿ ಶಂಕೆಯಿದ್ದಾಗ ಅವು ಕೂಡದು.

ಆ ಶಿಕ್ಷಕಿಯ ಉತ್ತರಪತ್ರಿಕೆ ತೆಗೆದು ನೋಡಿದೆವು. ತೀವ್ರ ಜ್ವರ, ತಲೆನೋವು, ಕಣ್ಣಿನ ಹಿಂದೆ ನೋವು, ಮೈಕೈ ನೋವು, ದದ್ದು. ಒಂದೂ ಬಿಟ್ಟಿರಲಿಲ್ಲ. ಆದರೆ ಇವೆಲ್ಲ ಮೊದಲ ದಿನಗಳ ಲಕ್ಷಣಗಳು. ಆಗ ಮಗು ಮನೆಯಲ್ಲಿರುತ್ತದೆ, ನೋಡಿಕೊಳ್ಳುವವರು ತಂದೆತಾಯಿ. ಶಿಕ್ಷಕರ ಕಣ್ಣಿಗೆ ಮಗು ಬೀಳುವುದು ಜ್ವರ ಇಳಿದ ಮೇಲೆ. ಆ ದಿನದ ಬಗ್ಗೆ ಪ್ರಶ್ನಾವಳಿಯಲ್ಲಿ ಒಂದು ಪ್ರಶ್ನೆಯೂ ಇರಲಿಲ್ಲ. ಘಟನೆಯ ನಂತರದ ಸಭೆಯಲ್ಲಿ ಗಣಿತ ಶಿಕ್ಷಕರೊಬ್ಬರು, ‘ನಮಗೆ ಗೊತ್ತಿದ್ದದ್ದನ್ನೇ ಕೇಳಿ ನಂಬರ್ ಕೊಟ್ರಿ, ಗೊತ್ತಿಲ್ಲದ್ದನ್ನ ಕೇಳಲೇ ಇಲ್ಲವಲ್ಲ’ ಎಂದರು. ಮತ್ತೊಂದು ಉಪನ್ಯಾಸ ಇಡೋಣ ಎಂಬ ಪ್ರಸ್ತಾಪ ಅಲ್ಲಿಗೆ ಬಿದ್ದುಹೋಯಿತು.

ಬಾಟಲಿಯೊಳಗೆ

ಉಪನ್ಯಾಸದ ಬದಲು ಎಲ್ಲರೂ ಒಂದು ಬಿಳಿ ಬೋಗುಣಿ, ಒಂದು ಟಾರ್ಚ್ ಹಿಡಿದು ಶಾಲೆ ಸುತ್ತುವುದೆಂದು ತೀರ್ಮಾನವಾಯಿತು. ಎಲ್ಲಿ ನೋಡಬೇಕೆಂದು ನಾವು ಹೇಳಲಿಲ್ಲ. ಎಲ್ಲರೂ ನೇರ ಚರಂಡಿಗೆ ಹೋದರು. ಲಾರ್ವಾ ಸಿಕ್ಕವು, ಆದರೆ ಇನ್ನೊಂದು ಬಗೆಯ ಸೊಳ್ಳೆಯಾದ ಕ್ಯೂಲೆಕ್ಸ್‌ನವು. ಕೊಳಕು ನೀರು ಅವಕ್ಕೆ ಒಗ್ಗುತ್ತದೆ. ಈಡಿಸ್‌ಗೆ ಬೇಕಾದದ್ದು ಪಾತ್ರೆಯಲ್ಲಿ ನಿಂತ, ಹೆಚ್ಚುಕಡಿಮೆ ತಿಳಿಯಾದ ನೀರು.

ಅಟೆಂಡರ್ ಒಬ್ಬರು, ಅವರನ್ನು ಕಾರ್ಯಾಗಾರಕ್ಕೆ ಯಾರೂ ಕರೆದಿರಲಿಲ್ಲ, ‘ಹಳೇ ಶೌಚಾಲಯ ತೆಗೀಲಾ?’ ಎಂದು ಕೇಳಿ ಬೀಗ ತೆಗೆದರು. ಬಳಕೆಯಿಲ್ಲದ ಫ್ಲಶ್ ಟ್ಯಾಂಕುಗಳಲ್ಲಿ ನೀರು ನಿಂತಿತ್ತು, ಲಾರ್ವಾ ಇದ್ದವು. ಸ್ಟಾಫ್‌ರೂಮಿನ ಫ್ರಿಜ್ಜಿನ ಹಿಂದಿನ ತಟ್ಟೆಯನ್ನು ಎಳೆದು ತೋರಿಸಿದವರೂ ಅವರೇ. ಅಲ್ಲೂ ಇದ್ದವು. ತಾವು ದಿನವೂ ಕೂರುವ ಕುರ್ಚಿಯ ಬೆನ್ನಿಗೇ ಸೊಳ್ಳೆ ಹುಟ್ಟುತ್ತಿತ್ತೆಂದು ತಿಳಿದಾಗ ಕೋಣೆಯಲ್ಲಿ ಎದ್ದ ಗದ್ದಲವನ್ನು ವರದಿಯಲ್ಲಿ ಬರೆಯಲಾಗದು.

ದೊಡ್ಡ ಮೂಲ ಮಾತ್ರ ಬೇರೆಯೇ. ಕೆಳ ಅಂತಸ್ತಿನ ಆ ಸಾಲಿನ ಕಿಟಕಿಗಳಲ್ಲಿ ಪರಿಸರ ಕೂಟದ ಮಕ್ಕಳು ಗಾಜಿನ ಬಾಟಲಿಗಳಲ್ಲಿ ಮನಿ ಪ್ಲಾಂಟ್ ಬೆಳೆಸಿದ್ದರು. ಬಹುಮಾನ ಪಡೆದ ಯೋಜನೆ ಅದು. ಜೀವಶಾಸ್ತ್ರದ ಶಿಕ್ಷಕರು ಒಂದು ಬಾಟಲಿಯನ್ನು ಬೆಳಕಿಗೆ ಹಿಡಿದರು. ಏನೂ ಕಾಣಲಿಲ್ಲ. ಅದನ್ನು ಕಿಟಕಿಯಲ್ಲಿಟ್ಟು ಅಲುಗಾಡಿಸದೆ ಕಾಯಲು ಹೇಳಿದೆವು, ಏಕೆಂದರೆ ನೆರಳು ಬಿದ್ದರೆ, ನೀರು ಕದಡಿದರೆ ಲಾರ್ವಾ ತಳಕ್ಕಿಳಿಯುತ್ತವೆ. ಸ್ವಲ್ಪ ಹೊತ್ತಿಗೆ ಬೇರುಗಳ ನಡುವಿನಿಂದ ಒಂದೊಂದಾಗಿ ಕೊಂಕುತ್ತ ಮೇಲೆ ಬಂದು, ಬಾಲದ ತುದಿಯ ಉಸಿರುನಳಿಗೆಯನ್ನು ನೀರಿನ ಮೇಲ್ಮೈಗೆ ತಾಗಿಸಿ ತಲೆಕೆಳಗಾಗಿ ತೂಗಿದವು. ಜೊತೆಗೆ ಲಾರ್ವಾದ ಮುಂದಿನ ಹಂತವಾದ, ಅಲ್ಪವಿರಾಮದಂತೆ ಬಾಗಿದ ಪ್ಯೂಪಾಗಳು. ವರ್ಷಗಟ್ಟಲೆ ಇದೇ ಚಿತ್ರವನ್ನು ಬೋರ್ಡಿನ ಮೇಲೆ ಬರೆದಿದ್ದ ಆ ಶಿಕ್ಷಕರು ಕನ್ನಡಕ ತೆಗೆದು ಹತ್ತಿರ ಬಗ್ಗಿ, ‘ದಿನಾ ನೋಡ್ತಿದ್ದೆ, ಬೇರಿನ ಚೂರು ಅಂದ್ಕೊಂಡಿದ್ದೆ’ ಎಂದರು.

ನೀರಿನ ಮಟ್ಟಕ್ಕಿಂತ ತುಸು ಮೇಲೆ ಗಾಜಿನ ಒಳಮೈಗೆ ಕರಿಯ ಚುಕ್ಕೆಗಳು ಅಂಟಿದ್ದವು. ಅವು ಮೊಟ್ಟೆಗಳು. ಈಡಿಸ್ ಮೊಟ್ಟೆ ಒಣಗಿದರೂ ಸಾಯುವುದಿಲ್ಲ, ತಿಂಗಳುಗಟ್ಟಲೆ ಕಾಯುತ್ತದೆ. ನೀರು ಮುಟ್ಟಿದೊಡನೆ ಒಡೆಯುತ್ತದೆ. ಪ್ರತಿ ಸೋಮವಾರ ಮಕ್ಕಳು ನಿಷ್ಠೆಯಿಂದ ಬಾಟಲಿಗೆ ನೀರು ತುಂಬಿಸುತ್ತಿದ್ದರು. ಅಂದರೆ ವಾರಕ್ಕೊಮ್ಮೆ ಮೊಟ್ಟೆಗಳನ್ನು ಮುಳುಗಿಸಿ ಮರಿ ಮಾಡಿಸುತ್ತಿದ್ದರು. ನೀರು ಚೆಲ್ಲಿ ಹೊಸ ನೀರು ಹಾಕಿದ್ದರೂ ಅಷ್ಟೇ ಆಗುತ್ತಿತ್ತು. ಬ್ರಷ್ ಹಾಕಿ ಉಜ್ಜಿದರೆ ಮಾತ್ರ ಮೊಟ್ಟೆ ಹೋಗುತ್ತದೆ. ‘ನಿಂತ ನೀರು ಖಾಲಿ ಮಾಡಿ’ ಎಂಬ ನಮ್ಮ ಮಾಮೂಲಿ ಘೋಷಣೆಯಲ್ಲಿ ಉಜ್ಜುವ ಮಾತು ಸಾಮಾನ್ಯವಾಗಿ ಇರುವುದೇ ಇಲ್ಲ.

ಬಾಟಲಿಗಳನ್ನೆಲ್ಲ ಎಸೆಯಬೇಕೆಂದು ಕೆಲವರು, ಮಕ್ಕಳ ಶ್ರಮ ಹಾಳಾಗುತ್ತದೆಂದು ಪರಿಸರ ಕೂಟದ ಶಿಕ್ಷಕಿ. ಕೊನೆಗೆ ಗಿಡಗಳನ್ನು ಮಣ್ಣಿನ ಕುಂಡಕ್ಕೆ ಸಾಗಿಸಿ, ಕೆಳಗಿನ ತಟ್ಟೆಗೆ ಮರಳು ತುಂಬಿದರು. ಖಾಲಿ ಬಾಟಲಿಯಲ್ಲಿ ಲಾರ್ವಾ ಸಾಕಿ ತರಗತಿಯಲ್ಲಿ ತೋರಿಸುವ ಆಸೆ ಒಬ್ಬರಿಗೆ ಬಂತು. ಬಾಯಿಗೆ ಬಿಗಿಯಾಗಿ ಬಟ್ಟೆ ಕಟ್ಟಿ, ಪ್ಯೂಪಾ ಆಗುವ ಮುನ್ನ ಚೆಲ್ಲುವ ಷರತ್ತಿನ ಮೇಲೆ ಒಪ್ಪಿದೆವು.

ಯಾರ ಕೆಲಸ?

ಬೆಚ್ಚಗಿನ ವಾತಾವರಣದಲ್ಲಿ ಮೊಟ್ಟೆಯಿಂದ ಹಾರುವ ಸೊಳ್ಳೆಯಾಗಲು 7ರಿಂದ 10 ದಿನ. ವಾರಕ್ಕೊಮ್ಮೆ ಉಜ್ಜಿದರೆ ಸರಪಳಿ ಕಡಿಯುತ್ತದೆ. ಇದನ್ನು ಮಾಡುವವರು ಯಾರು ಎಂಬಲ್ಲಿ ಸಭೆ ಕಾವೇರಿತು. ಅಟೆಂಡರಿಗೆ ವಹಿಸೋಣ ಎಂಬುದು ಬಹುಮತ. ಪಾಠ, ಪರೀಕ್ಷೆ, ದಾಖಲೆಗಳ ಮೇಲೆ ಇದೂ ಒಂದಾ ಎಂಬ ಆಕ್ಷೇಪದಲ್ಲಿ ನ್ಯಾಯವಿತ್ತು. ಮುಖ್ಯ ಶಿಕ್ಷಕಿ ಮಾತ್ರ ಒಪ್ಪಲಿಲ್ಲ. ಕೋಣೆಯ ಪಾತ್ರೆಗಳು ಆ ಕೋಣೆಯ ತರಗತಿ ಶಿಕ್ಷಕರ ಹೊಣೆ, ಶೌಚಾಲಯ ಮತ್ತು ಮೇಲಿನ ಟ್ಯಾಂಕ್ ಅಟೆಂಡರ್ ಹೊಣೆ, ಸ್ಟಾಫ್‌ರೂಮ್ ತಮ್ಮ ಹೊಣೆ ಎಂದು ಹಂಚಿದರು. ಬದಲಿಗೆ ಯಾರೂ ಓದದ ಒಂದು ಮಾಸಿಕ ವರದಿಯನ್ನು ಕೈಬಿಟ್ಟರು. ಹೊಸ ಕೆಲಸ ಕೊಡುವಾಗ ಹಳೆಯದೊಂದನ್ನು ತೆಗೆಯುವ ಈ ಬುದ್ಧಿ ತರಬೇತಿ ಕೊಡುವ ನಮ್ಮಂಥವರಿಗೆ ಅಪರೂಪ.

ಜ್ವರದ ವಿಚಾರದಲ್ಲಿ ಮಾಡಿದ ಬದಲಾವಣೆ ಇನ್ನೂ ಸರಳ. ಹಾಜರಿ ಪುಸ್ತಕದಲ್ಲಿ ಗೈರಿನ ಗುರುತಿನ ಪಕ್ಕ ಜ್ವರ ಶುರುವಾದ ದಿನಾಂಕವನ್ನು ಪೆನ್ಸಿಲಿನಲ್ಲಿ ಬರೆಯುವುದು. ಮಗು ಮರಳಿದಾಗ ಎಷ್ಟನೇ ದಿನವೆಂದು ಎಣಿಸುವುದು. ಒಂದು ವಾರ ದಾಟಿಲ್ಲವಾದರೆ ಹೊಟ್ಟೆನೋವು, ವಾಂತಿ, ರಕ್ತ, ಅತಿಯಾದ ಸುಸ್ತು ಇವುಗಳ ಬಗ್ಗೆ ಕೇಳುವುದು. ಯಾವುದೊಂದಕ್ಕೆ ಹೌದೆಂದರೂ ಮನೆಯವರಿಗೆ ಫೋನು, ಮಗು ನೇರ ಆಸ್ಪತ್ರೆಗೆ. ಡ್ರಾಯರಿನಲ್ಲಿದ್ದ ನೋವಿನ ಮಾತ್ರೆಗಳನ್ನು ತೆಗೆದು ಪ್ಯಾರಾಸಿಟಮಾಲ್ ಮಾತ್ರ ಇಟ್ಟರು, ಅದೂ ಮನೆಯವರನ್ನು ಕೇಳಿಯೇ ಕೊಡುವುದೆಂದಾಯಿತು.

ಪ್ಲೇಟ್‌ಲೆಟ್ ಬಗ್ಗೆ ಬಹಳ ಪ್ರಶ್ನೆಗಳು ಬಂದವು. ‘ಕೌಂಟ್ ಚೆನ್ನಾಗಿದೆಯಂತೆ, ಕೂರಿಸಿಕೊಳ್ಳಬಹುದಾ?’ ಎಂಬುದು ಎಲ್ಲರ ಬಾಯಲ್ಲೂ. ಆ ಒಂದು ಸಂಖ್ಯೆ ಹಿಡಿದು ನಿಶ್ಚಿಂತರಾಗುವಂತಿಲ್ಲ. ಅಪಾಯ ತರುವುದು ಮುಖ್ಯವಾಗಿ ಪ್ಲಾಸ್ಮಾ ಸೋರಿಕೆ. ಅದನ್ನು ವೈದ್ಯರು ಹಿಮಟೋಕ್ರಿಟ್ (ರಕ್ತದಲ್ಲಿ ಕೆಂಪುಕಣಗಳ ಪಾಲು) ಏರಿಕೆ, ನಾಡಿ, ರಕ್ತದೊತ್ತಡ ನೋಡಿ ಅಳೆಯುತ್ತಾರೆ. ಶಿಕ್ಷಕರು ಸಂಖ್ಯೆ ಬಿಟ್ಟು ಮಗುವನ್ನು ನೋಡಬೇಕು.

ತಪ್ಪು ಎಚ್ಚರಿಕೆ

ಈ ಪ್ರಕರಣದ ನಿಜವಾದ ತಿರುವು ಬಾಟಲಿಗಳಲ್ಲಿ ಅಲ್ಲ, ಇಲ್ಲಿದೆ ಎಂದು ನನ್ನ ಅಭಿಪ್ರಾಯ.

ಹೊಸ ಕ್ರಮ ಶುರುವಾಗಿ ಹೆಚ್ಚು ದಿನವಾಗಿರಲಿಲ್ಲ. ಹುಡುಗನೊಬ್ಬ ಜ್ವರದ ಆರನೇ ದಿನ ಬಂದ, ಹೊಟ್ಟೆನೋವು ಎಂದ. ಶಿಕ್ಷಕರು ತಂದೆಗೆ ಫೋನು ಮಾಡಿದರು. ಅವರು ಕೆಲಸ ಬಿಟ್ಟು ಓಡಿಬಂದು ಆಸ್ಪತ್ರೆಗೆ ಕರೆದೊಯ್ದರು. ಪರೀಕ್ಷೆಗಳಲ್ಲಿ ಡೆಂಗಿ ಇರಲಿಲ್ಲ. ಮರುದಿನ ತಂದೆ ಶಾಲೆಗೆ ಬಂದು, ಒಂದು ದಿನದ ಸಂಬಳ ಹೋಯಿತು, ಮೇಷ್ಟ್ರು ಡಾಕ್ಟರ ಕೆಲಸ ಮಾಡುವುದು ಬೇಡ ಎಂದು ಎಲ್ಲರೆದುರು ಕೂಗಾಡಿದರು.

ಆ ವಾರ ಹಾಜರಿ ಪುಸ್ತಕಗಳಲ್ಲಿ ಪೆನ್ಸಿಲಿನ ದಿನಾಂಕಗಳು ಕಡಿಮೆಯಾದವು. ಯಾರೂ ವಿರೋಧಿಸಲಿಲ್ಲ, ಸುಮ್ಮನೆ ಬರೆಯುವುದನ್ನು ಬಿಟ್ಟರು. ಎಚ್ಚರಿಕೆಯ ಚಿಹ್ನೆಗಳು ಆಗ ಎಲ್ಲ ಶಿಕ್ಷಕರಿಗೂ ಬಾಯಿಪಾಠವಾಗಿದ್ದವು. ಅವನ್ನು ಬಳಸಿದವರ ಮೇಲೆ ಬೈಗುಳ ಬೀಳುತ್ತದೆ ಎಂಬುದೂ ಅಷ್ಟೇ ಚೆನ್ನಾಗಿ ಗೊತ್ತಾಗಿತ್ತು.

ಮುಖ್ಯ ಶಿಕ್ಷಕಿ ಶಿಕ್ಷಕರಿಗೆ ಬುದ್ಧಿ ಹೇಳಲು ಹೋಗಲಿಲ್ಲ. ಆ ತಂದೆಯನ್ನು ಕರೆಸಿ, ಫೋನು ಮಾಡಿಸಿದ್ದು ತಮ್ಮ ಆದೇಶ, ಶಿಕ್ಷಕರ ತೀರ್ಮಾನವಲ್ಲ ಎಂದು ತಿಳಿಸಿದರು. ಆಮೇಲೆ ಒಂದು ಚೀಟಿ ಮುದ್ರಿಸಿದರು: ‘ಜ್ವರದ ___ನೇ ದಿನ. ಮಗುವಿಗೆ ಕೆಳಗಿನ ತೊಂದರೆ ಕಂಡಿದೆ. ಶಾಲೆಯ ನಿಯಮದಂತೆ ವೈದ್ಯರ ತಪಾಸಣೆಗೆ ಕಳುಹಿಸಲಾಗಿದೆ.’ ಕೆಳಗೆ ಅವರದೇ ಸಹಿ. ‘ಡೆಂಗಿ’ ಎಂಬ ಪದವನ್ನು ಬೇಕೆಂದೇ ಹಾಕಲಿಲ್ಲ. ರೋಗ ಯಾವುದೆಂದು ಹೇಳುವುದು ಶಿಕ್ಷಕರ ಕೆಲಸವಲ್ಲ, ಕಳುಹಿಸುವುದಷ್ಟೇ ಅವರ ಕೆಲಸ. ಈ ನಿಯಮವನ್ನು ಪೋಷಕರ ಸಭೆಯಲ್ಲೂ ಓದಿ ಹೇಳಿದರು. ಪೆನ್ಸಿಲಿನ ದಿನಾಂಕಗಳು ಮತ್ತೆ ಕಾಣತೊಡಗಿದವು. ಚೀಟಿಯೊಂದಿಗೆ ಹೋದವರಲ್ಲಿ ಮುಂದೆ ಡೆಂಗಿ ಖಚಿತವಾದ ಮಕ್ಕಳೂ ಇದ್ದರು; ಅವರು ನಡೆದುಕೊಂಡೇ ಆಸ್ಪತ್ರೆ ಸೇರಿದರು.

ಮತ್ತೆ ಕೇಳಿದಾಗ

ಕೆಲವು ತಿಂಗಳ ನಂತರ ಶಿಕ್ಷಕರನ್ನು ಮತ್ತೆ ಪರೀಕ್ಷಿಸಿದೆವು. ಈ ಸಲ ಬರವಣಿಗೆಯಿಲ್ಲ. ‘ನಿಮ್ಮ ಕೋಣೆಯಲ್ಲಿ ನೀರು ನಿಲ್ಲುವ ಜಾಗ ತೋರಿಸಿ’, ‘ಜ್ವರದ ಐದನೇ ದಿನ ಮೈ ತಣ್ಣಗಾದ ಮಗು ಬಂದಿದೆ, ಏನು ಮಾಡುತ್ತೀರಿ?’, ‘ಡೆಂಗಿಯಾದ ಮಗುವಿನ ಪಕ್ಕ ಇನ್ನೊಂದು ಮಗುವನ್ನು ಕೂರಿಸಬಹುದೇ?’ ಇಷ್ಟೇ. ಈಡಿಸ್ ಈಜಿಪ್ಟಿ ಎಂಬ ಹೆಸರು ಹಲವರಿಗೆ ನಾಲಿಗೆಯ ತುದಿಯಲ್ಲೇ ಸಿಕ್ಕಿಹಾಕಿಕೊಂಡಿತು. ಆದರೆ ಅದೇ ಜನ ಫ್ರಿಜ್ಜಿನ ತಟ್ಟೆ ಎಳೆದು ತೋರಿಸಿದರು. ಹಳೆಯ ಪ್ರಶ್ನಾವಳಿ ಕೊಟ್ಟಿದ್ದರೆ ಇವರ ಅಂಕ ಇಳಿಯುತ್ತಿತ್ತು.

ಒಂದು ನಂಬಿಕೆ ಮಾತ್ರ ಅಲುಗಲಿಲ್ಲ. ಡೆಂಗಿಯಾಗಿ ಗುಣವಾಗಿದ್ದ ಶಿಕ್ಷಕರೊಬ್ಬರು, ‘ನನಗೆ ಒಂದ್ಸಲ ಆಗಿದೆ, ಇನ್ನು ಬರಲ್ಲ’ ಎಂದೇ ಪಟ್ಟು ಹಿಡಿದಿದ್ದರು. ವೈರಸ್‌ನಲ್ಲಿ ನಾಲ್ಕು ಬಗೆಗಳಿವೆ. ಒಂದು ಬಗೆ ಬಂದರೆ ದೀರ್ಘಕಾಲದ ರಕ್ಷಣೆ ಸಿಗುವುದು ಆ ಬಗೆಗೆ ಮಾತ್ರ. ಎರಡನೇ ಸಲ ಬೇರೆ ಬಗೆ ತಗುಲಿದರೆ ತೀವ್ರವಾಗುವ ಸಾಧ್ಯತೆ ಹೆಚ್ಚು. ಇದನ್ನು ಹೇಳಿದೆವು, ತಲೆಯಾಡಿಸಿದರು, ಒಪ್ಪಿದಂತೆ ಕಾಣಲಿಲ್ಲ.

ಕೆಳ ಅಂತಸ್ತಿನ ಜ್ವರದ ಗೈರುಹಾಜರಿ ಇಳಿಯಿತು. ಅದೇ ಹೊತ್ತಿಗೆ ಮಳೆಯೂ ಇಳಿದಿದ್ದರಿಂದ ಪೂರ್ತಿ ಶ್ರೇಯಸ್ಸನ್ನು ಬ್ರಷ್ಷಿಗೆ ಕಟ್ಟುವಂತಿಲ್ಲ.

ಬಗೆಹರಿಯದೆ ಉಳಿದದ್ದು ರಜೆಯ ಪ್ರಶ್ನೆ. ಶಾಲೆ ಎರಡು ವಾರ ಮುಚ್ಚಿದರೆ ಸೊಳ್ಳೆಗೆ ಒಂದು ಪೂರ್ತಿ ತಲೆಮಾರಿನ ಅವಕಾಶ, ಮಕ್ಕಳು ಮರಳುವ ದಿನವೇ ಹಸಿದ ಸೊಳ್ಳೆಗಳು ತಯಾರಿರುತ್ತವೆ. ರಜೆಗೆ ಮುನ್ನ ಫ್ಲಶ್ ಟ್ಯಾಂಕ್ ಬರಿದು ಮಾಡಿ, ಪಾತ್ರೆಗಳನ್ನು ಉಜ್ಜಿ ಬೋರಲು ಹಾಕುವುದೆಂದು ನಿಯಮವಾಯಿತು. ನಡುವೆ ಒಮ್ಮೆ ಬಂದು ನೋಡುವವರು ಯಾರು, ಬೀಗದ ಕೈ ಯಾರ ಬಳಿ ಇರಬೇಕು ಎಂಬುದು ಮುಂದಿನ ಸಭೆಗೆ ಹೋಯಿತು. ಅದರ ಮುಂದಿನ ಸಭೆಗೂ ಹೋಯಿತು.